ಬಲಿಪೀಠವಿದ್ದ ಜಾಗ

ಮದ್ದೂರು
೧೯ ನವೆಂಬರ್ ೨೦೨೪

ಪ್ರೀತಿಯ ಎಸ್ತರಮ್ಮನವರಿಗೆ,

ನಯನ ಮಾಡುವ ನಮಸ್ಕಾರಗಳು. ಮಂಡ್ಯದ ಗುತ್ತಲಿನಲ್ಲಿ ಮಗಳ ಮನೆ ಒಗ್ಗಿತೇ? ಮಂಡಿನೋವು ಹೇಗಿದೆ? ಫೋನು ಮಾಡಿದರೆ "ಚೆನ್ನಾಗಿವ್ನಿ ಬುಡವ್ವ" ಅಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ಹಳೇ ಚರ್ಚು ನಮ್ಮ ನಾಟಕ ಸಂಘದ ಕೈಗೆ ಬಂದಾಗ ನಮಗೆ ಕಂಡದ್ದು ಅದರ ಎತ್ತರದ ಚಾವಣಿ, ಮೆಲ್ಲಗೆ ಆಡಿದ ಮಾತನ್ನೂ ಕೊನೇ ಸಾಲಿಗೆ ಮುಟ್ಟಿಸುವ ಗೋಡೆಗಳು, ಅಷ್ಟೇ. ನಿಮ್ಮವರೆಲ್ಲ ಹೊಸ ಚರ್ಚು ಕಟ್ಟಿಕೊಂಡು ಹೋಗಿ ವರ್ಷಗಳಾಗಿದ್ದವು. ಒಳಗೆ ಪಾರಿವಾಳಗಳ ಸಂಸಾರ. ಬಲಿಪೀಠವಿದ್ದ ಜಾಗ ಹೇಗೂ ಎತ್ತರದಲ್ಲಿದೆ ಅಂತ ಅಲ್ಲೇ ವೇದಿಕೆ ಕಟ್ಟಿದೆವು.

ಉದ್ಘಾಟನೆಯ ದಿನ ನೀವು ಬಿಳಿ ಸೀರೆಯುಟ್ಟು ಬಂದು ಬಾಗಿಲಲ್ಲಿ ನಿಂತಿರಿ. ರಾಜಪಾರ್ಟಿನ ಬೋರಯ್ಯಣ್ಣ ಪೀಠದ ಮೆಟ್ಟಿಲ ಮೇಲೆ ಕಾಲು ಚಾಚಿ ಮೀಸೆ ಅಂಟಿಸಿಕೊಳ್ಳುತ್ತಿದ್ದರು. ನೀವು ಸುಮ್ಮನೆ ತಿರುಗಿ ನಡೆದುಬಿಟ್ಟಿರಿ. ನಾನು ಓಡಿಬಂದು ಕೈ ಹಿಡಿದಾಗ ನೀವಂದ ಮಾತು ಕಿವಿಯಲ್ಲೇ ಇದೆ: "ಅಲ್ಲೇ ಕಣವ್ವ ನನ್ನ ಮದ್ವೆ ಆಗಿದ್ದು. ನಮ್ಮ ಯಜಮಾನ್ರು ತೀರ್ಕಂಡಾಗ ಅವ್ರ ಪೆಟ್ಟಿಗೇನೂ ಅಲ್ಲೇ ಇಳಿಸಿದ್ರು. ನೀವು ಆಡ್ಕಳಿ, ಬ್ಯಾಡ ಅನ್ನಾಕೆ ನಾನ್ಯಾರು?"

ಅವತ್ತು ನಾಟಕಕ್ಕೆ ಚಪ್ಪಾಳೆ ಬಿತ್ತು. ನನಗೊಂದೂ ರುಚಿಸಲಿಲ್ಲ. ಆಮೇಲಿನ ಮೀಟಿಂಗಿನಲ್ಲಿ, ವೇದಿಕೆಯನ್ನು ಮುಂಬಾಗಿಲ ಕಡೆಗೆ ತರೋಣ, ಪೀಠದ ಜಾಗ ಖಾಲಿ ಬಿಡೋಣ ಅಂದೆ. ಅಧ್ಯಕ್ಷರಾದ ಶಿವರಾಮು ರೇಗಿದರು: "ಒಬ್ಬ ಅಜ್ಜಿಗೋಸ್ಕರ ಕಟ್ಟಿದ್ನ ಕಿತ್ತಾಕದಾ?" ಎದ್ದು ನಿಂತವರು ಬೋರಯ್ಯಣ್ಣ. "ಆ ಯಮ್ಮನ ಮಕ ನಾನೂ ಕಂಡೆ. ಆ ಪೀಠದ ಮ್ಯಾಲೆ ನಾನಂತೂ ಇನ್ನು ಗೆಜ್ಜೆ ಕಟ್ಟಾಕಿಲ್ಲ" ಅಂದರು. ರಾಜನೇ ಇಲ್ಲದ ಮೇಲೆ ನಾಟಕವೆಲ್ಲಿ?

ಬಡಗಿ ಮುಕರ್ರಂ ಸಾಹೇಬರು ಹಲಗೆಗಳನ್ನು ಬಿಚ್ಚಿ ಮುಂಬಾಗಿಲ ಕಡೆ ಜೋಡಿಸಿಕೊಟ್ಟರು. ಜನ ಈಗ ಪಕ್ಕದ ಬಾಗಿಲಿಂದ ಬರುತ್ತಾರೆ. ಪೀಠದ ಜಾಗದಲ್ಲಿ ಕುರ್ಚಿಯಿಲ್ಲ, ಮೈಕಿಲ್ಲ. ಬೆಳಗಿನ ಹೊತ್ತು ಬಣ್ಣದ ಗಾಜಿನ ಬಿಸಿಲು ಬೀಳುತ್ತದೆ. ಮೊನ್ನೆ ತಾಲೀಮಿಗೆ ಬಂದ ಹೊಸ ನಟಿಯೊಬ್ಬಳು, ಇದ್ಯಾಕೆ ಹೀಗೆ ಖಾಲಿ ಅಂತ ಕೇಳಿದಳು. ಒಬ್ಬರ ಮದುವೆಯಾದ ಜಾಗ ಅಂದೆ. ಅವಳು ಅಲ್ಲಿಟ್ಟಿದ್ದ ತನ್ನ ಚೀಲವನ್ನು ಮೆಲ್ಲಗೆ ಎತ್ತಿಕೊಂಡಳು.

ಬರುವ ಭಾನುವಾರ ಸಂಜೆ ಮತ್ತೆ ನಾಟಕ. ಅಷ್ಟರಲ್ಲಿ ನಿಮ್ಮ ಆರಾಧನೆ ಮುಗಿದಿರುತ್ತದೆ. ಮುಕರ್ರಂ ಸಾಹೇಬರಿಗೆ ಮಂಡ್ಯದಲ್ಲಿ ಕೆಲಸವಿದೆಯಂತೆ, ವ್ಯಾನಿನಲ್ಲಿ ಕರೆತರುತ್ತಾರೆ. ಮನಸ್ಸು ಒಪ್ಪದಿದ್ದರೆ ಬರಬೇಡಿ, ನನಗೇನೂ ಬೇಸರವಿಲ್ಲ. ಇದು ಸುಳ್ಳು, ಬೇಸರವಾಗುತ್ತದೆ. ಬನ್ನಿ.

ನಿಮ್ಮ ಮಗಳಂಥ
ನಯನ

ತಾ.ಕ.: ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಈ ಗಲಾಟೆಯಲ್ಲಿ ನನ್ನ ಕಾರ್ಯದರ್ಶಿ ಸ್ಥಾನ ಹೋಯಿತು. ನೊಂದುಕೊಳ್ಳಬೇಡಿ. ಪರದೆ, ಲೈಟು, ಅತಿಥಿಗಳು ಅಂತ ಓಡಾಡುವ ಕೆಲಸ ಭಾನುವಾರ ನನಗಿಲ್ಲ. ನಾಟಕ ಮುಗಿಯುವ ತನಕ ನಿಮ್ಮ ಪಕ್ಕದಲ್ಲೇ ಕೂರುತ್ತೇನೆ.