ಮಾರದ ಮೀನಿಗೆ ಸೊನ್ನೆ

ಕಾರವಾರ, 9-2-1994

ಅತನೂರಿನ ದೊಡ್ಡವ್ವನಿಗೆ ಗೌರಾಳ ಶರಣು.

ಕಾಲೇಜಿನವರು ಕಳಿಸಿದ ತರಬೇತಿಗೆ ಬಂದು ನಾಲ್ಕು ದಿನವಾಯಿತು. ಕಂಪ್ಯೂಟರಿಗೆ ಧೂಳು ತಾಗಬಾರದೆಂದು ಗುಡಿಗೆ ಹೋದಂತೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ನಿನ್ನೆ ಅದರೊಳಗೇ ಒಂದು ಸುಳ್ಳು ಹಡಗನ್ನು ಒಡೆದು, ಸಮುದ್ರಕ್ಕೆ ವಿಷ ಚೆಲ್ಲಿ, ಎಷ್ಟು ಮೀನು ಸತ್ತವು, ಎಷ್ಟು ರೂಪಾಯಿ ನಷ್ಟ ಎಂದು ತೋರಿಸಿದರು. ನಿಜವಾಗಿ ಹಡಗು ಒಡೆದರೆ ಪರಿಹಾರ ಕೊಡುವುದೂ ಇದೇ ಲೆಕ್ಕದ ಮೇಲಂತೆ. ಮೀನುಗಾರರ ಕೇರಿಯ ಹೆಸರಿನ ಮುಂದೆ ಮಾತ್ರ ನಷ್ಟ ಸೊನ್ನೆ ಎಂದು ಬಂತು. ಪಾಠ ಹೇಳುವ ಹಣಮಂತರಾಯ ಸಾಹೇಬರು ನಮ್ಮ ಜೇವರ್ಗಿಯವರೇ. ಅವರನ್ನು ಕೇಳಿದೆ:

"ಅಲ್ಲಿ ಮೀನಾ ಏನ್ ಉಳಕೊಂಡ್ವೇನ್ರಿ?"

"ಸತ್ತಾವ್ರಿ. ಆದ್ರ ಅವು ಮನ್ಯಾಗ ತಿನ್ನೋ ಸಣ್ಣ ಮೀನ. ಮಾರಂಗಿಲ್ಲ. ಮಾರದಿದ್ದದ್ದಕ್ಕ ರೇಟ್ ಎಲ್ಲಿಂದ ತರ್ಲಿ?"

"ಹಂಗಾದ್ರ ನಾವು ತಿನ್ನಾಕ ಬೆಳಕೊಂಡ ಪುಂಡಿಪಲ್ಯಾ ಸುಟ್ಟುಹೋದ್ರೂ ನಷ್ಟ ಇಲ್ಲೇನ್ರಿ?"

"ಇಲ್ರಿ" ಎಂದರು, ಪುಂಡಿಪಲ್ಯ ತಿಂದೇ ಬೆಳೆದ ಮಹಾಶಯರು!

ಎ.ಸಿ. ತಂಪಿಗೆ ನನಗೆ ನೆಗಡಿಯಾಗಿದೆ, ಉಳಿದದ್ದೆಲ್ಲ ಆರಾಮ. ಇಲ್ಲಿ ಮೂರು ಹೊತ್ತೂ ಅನ್ನ. ಈ ಕಡೆ ತೊಗರಿಬೇಳೆ ಲಾರಿ ತರುವ ಮಲ್ಲಣ್ಣನ ಕೈಯಲ್ಲಿ ಕಡಕ್ ರೊಟ್ಟಿ, ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿ ಕಟ್ಟಿ ಕಳಿಸು. ನಲವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದೀ, ಒಂದನ್ನೂ ಮಾರಿದವಳಲ್ಲ. ಸಾಹೇಬರ ಯಂತ್ರವನ್ನು ಕೇಳಿದರೆ, ನೀನು ಇವತ್ತಿನ ತನಕ ಏನೂ ಮಾಡಿಯೇ ಇಲ್ಲ.

ಗೌರಾ