ಖಾಲಿ ಪೀಠ

ಕಲಘಟಗಿ, ಗುರುವಾರ

ಗುಡಗೇರಿ ಶಾಲೆಯ ಪ್ರದರ್ಶನ ಸಮಿತಿಯ ಪಂಢರಿನಾಥ ಸರ್ ಅವರಿಗೆ ತೊಟ್ಟಿಲಿಗೆ ಬಣ್ಣ ಬರೆಯುವ ದ್ವಾರಕಾಬಾಯಿಯ ನಮಸ್ಕಾರ.

ನಾನು ಮಾಡಿದ ಕಟ್ಟಿಗೆಯ ಸ್ತೂಪವನ್ನು ನೀವು ಎರಡನೇ ಸಲ ತಿರುಗಿ ಕಳಿಸಿದ್ದೀರಿ. ಮೊದಲ ಸಲ ಗುಮ್ಮಟ ಬೋಳಾಗಿದೆ ಎಂದಿರಿ. ಹಲ್ಲು ಕಚ್ಚಿ ಹೂಬಳ್ಳಿ ಬರೆದೆ. ಈಗ ಟೆಂಪೋದ ಶಕೀಲ್ ಬಂದು, “ಪೀಠ ಖಾಲಿ ಐತಂತ್ರಿ ಅಕ್ಕಾರ, ಬುದ್ಧನ್ನ ಮರತೀರಂತ. ಒಂದು ಮೂರ್ತಿ ಕುಂದರ್ಸಿ ಕೊಡಬೇಕಂತ್ರಿ” ಎನ್ನುತ್ತಾನೆ.

ಮರೆತಿಲ್ಲ ಸರ್. ಮಾದರಿಗೆಂದು ನೀವೇ ಕೊಟ್ಟ ಫೋಟೋ ನೋಡಿರಿ. ಆ ಹಳೆಯ ಸ್ತೂಪದ ಕಲ್ಲಿನಲ್ಲಿ ಆನೆಯಿದೆ, ಕಮಲವಿದೆ, ಕೈಮುಗಿದು ನಿಂತ ಜನರಿದ್ದಾರೆ. ಬುದ್ಧನ ಜಾಗದಲ್ಲಿ ಒಂದು ಮರ, ಖಾಲಿ ಪೀಠ, ಎರಡು ಪಾದದ ಗುರುತು, ಅಷ್ಟೇ. ಇಷ್ಟೆಲ್ಲ ಕಡೆದವರಿಗೆ ಒಂದು ಮೂರ್ತಿ ಮಾಡಲು ಬರುತ್ತಿರಲಿಲ್ಲವೇ?

ನಾನಂತೂ ಮೂರ್ತಿ ಕೂರಿಸುವುದಿಲ್ಲ. ಸೋಮವಾರದ ಪ್ರದರ್ಶನಕ್ಕೆ ಬೇಕಿದ್ದರೆ ಇದ್ದಂತೆಯೇ ಒಯ್ಯಿರಿ. ಎತ್ತುವಾಗ ಸುತ್ತಲಿನ ಕಟಾಂಜನದ ಬೇಲಿ ಹಿಡಿಯಬೇಡಿರಿ. ಹೋದ ಸಲ ನಿಮ್ಮವರು ಎರಡು ಕಂಬ ಮುರಿದರು.

ಹೋದ ಶ್ರಾವಣದಲ್ಲಿ ನಿಮ್ಮ ಮಗಳು ಶುಭಾಳ ಬಾಣಂತನಕ್ಕೆಂದು ನಮ್ಮಲ್ಲಿಂದ ತೊಟ್ಟಿಲು ಒಯ್ದಿರಿ. ಅದನ್ನೂ ಖಾಲಿಯೇ ಕೊಟ್ಟಿದ್ದೆ. ಒಳಗೊಂದು ಕೂಸು ಮಾಡಿ ಮಲಗಿಸಿ ಕೊಡು ಎಂದು ನೀವು ತಿರುಗಿ ಕಳಿಸಲಿಲ್ಲ.

ಇಂತಿ,
ದ್ವಾರಕಾಬಾಯಿ