ಭಾನುವಾರದ ಬ್ಲೇಡು

ಮಾರ್ಚ್ ೧೧, ಗುರುವಾರ
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ಪುಟ್ಟಕ್ಕನಿಗೆ ಅಪ್ಪನ ಆಶೀರ್ವಾದ.

ಈ ಕಾಗದದಲ್ಲಿ ಒಂದು ಕಥೆ ಇದೆ. ಅದನ್ನು ಮೊದಲು ಹೇಳಿದವನು ಒಲೆ ರಿಪೇರಿಯ ಟಕಟಕ. ಹೇಳಿದ್ದು ಕಳೆದ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ, ನಮ್ಮ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು. ಕೇಳಿದವರು ಇಬ್ಬರೇ, ನಾನು ಮತ್ತು ನಿನ್ನಮ್ಮ.

ನೀನು ಕೇಳಿದ್ದು ಕಥೆಯನ್ನಲ್ಲ, ಗೊತ್ತು. ಹೊಸ ಮನೆಗೆ ಗ್ಯಾಸ್ ಒಲೆ ಒಳ್ಳೆಯದೋ ಇಂಡಕ್ಷನ್ ಒಳ್ಳೆಯದೋ, ಪಾತ್ರೆ ಸ್ಟೀಲಿನದು ತರಲೋ ನಾನ್‌ಸ್ಟಿಕ್ ತರಲೋ ಎಂದು ಮೊಬೈಲಿಗೆ ನಾಲ್ಕು ಸಾಲು ಕಳಿಸಿದ್ದೆ. ಐದನೆಯ ಸಾಲಿನಲ್ಲಿ, ‘ಅಮ್ಮನ್ನ ಕೇಳ್ಬೇಡ ಅಪ್ಪ, ಅವರಿಗ್ಯಾಕೆ ತೊಂದರೆ’ ಎಂದು ಸೇರಿಸಿದ್ದೆ. ಹುಟ್ಟಿದಾಗಿನಿಂದ ಅಮ್ಮನನ್ನು ಏಕವಚನದಲ್ಲೇ ಕರೆದು ಜಗಳವಾಡಿದ ಹುಡುಗಿ ನೀನು. ಆ ‘ಅವರಿಗೆ’ ಎನ್ನುವ ಮರ್ಯಾದೆಯ ಮಾತು ಓದಿ ನನಗೆ ಎರಡು ದಿನ ನೆಮ್ಮದಿ ಇರಲಿಲ್ಲ. ಫೋನು ಮಾಡೋಣವೆಂದರೆ ನಮ್ಮ ಮನೆ ಚಿಕ್ಕದು, ನಿನ್ನಮ್ಮನ ಕಿವಿ ಚುರುಕು. ಅದಕ್ಕೇ ಕಾಗದ. ಸ್ವಲ್ಪ ಸುತ್ತಿಬಳಸಿ ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಮೂವತ್ತೊಂದು ವರ್ಷ ನಾನು ಪಾತ್ರೆ ಅಂಗಡಿಯ ಕೌಂಟರಿನ ಹಿಂದೆ ನಿಂತವನು. ಅಂಗಿಯ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ಪಾತ್ರೆಯ ತಳಕ್ಕೆ ಅದನ್ನು ಹಿಡಿದು, ಅಂಟಿದರೆ ಇಂಡಕ್ಷನ್ನಿಗೆ ಆಗುತ್ತದೆ, ಅಂಟದಿದ್ದರೆ ಇಲ್ಲ ಎಂದು ತೋರಿಸಿದರೆ ಗಿರಾಕಿಗಳು ಜಾದೂ ನೋಡಿದವರ ಹಾಗೆ ಕಣ್ಣರಳಿಸುತ್ತಿದ್ದರು. ಯಾರಾದರೂ ಗಂಡಸು ಒಬ್ಬನೇ ಬಂದು ಒಲೆ ಕೇಳಿದರೆ ನಾನು ಕೊಡುತ್ತಿರಲಿಲ್ಲ. “ಮನೇಲಿ ಅಡುಗೆ ಮಾಡೋರು ಯಾರು ಸ್ವಾಮಿ? ಅವರನ್ನ ಕರ್ಕೊಂಡು ಬನ್ನಿ. ಬಾಣಲೆ ಎತ್ತೋದು ಅವರ ಕೈ, ನಿಮ್ಮ ಕೈ ಅಲ್ಲ” ಎಂದು ವಾಪಸ್ ಕಳಿಸುತ್ತಿದ್ದೆ. ಮಾಲೀಕರು ಬೈಯುತ್ತಿದ್ದರು. ಮಾರನೆಯ ದಿನ ಆ ಗಂಡಸು ಹೆಂಡತಿಯನ್ನೋ ತಾಯಿಯನ್ನೋ ಕರೆದುಕೊಂಡು ಬಂದರೆ ನನಗೆ ಹೆಮ್ಮೆ. ಇಂಥ ನಾನು ನಮ್ಮ ಮನೆಗೆ ಒಲೆ ತರುವಾಗ ಯಾರನ್ನೂ ಕೇಳಲಿಲ್ಲ.

ಮೂರು ವರ್ಷದ ಹಿಂದೆ ನಿನ್ನಮ್ಮನ ತೋಳಿನ ಬಟ್ಟೆಗೆ ಬೆಂಕಿ ತಾಗಿದ್ದು ನಿನಗೆ ನೆನಪಿರಬೇಕು. ಅಂಗೈಯಗಲ ಸುಟ್ಟಿತ್ತು. ಬೆಂಕಿಯೇ ಶತ್ರು ಎಂದು ನಾನು ತೀರ್ಮಾನಿಸಿದೆ. ಆ ವಾರವೇ ಬೆಂಕಿ ಇಲ್ಲದ ಇಂಡಕ್ಷನ್ ಒಲೆ ಹೊತ್ತು ತಂದೆ. ಕಪ್ಪು ಗಾಜು, ಕನ್ನಡಿಯಂತೆ ನುಣುಪು, ಒಂದು ತಿರುಪೂ ಇಲ್ಲ, ಬೆರಳು ತಾಗಿಸಿದರೆ ಸಾಕು. ಆಮೇಲೆ ಅಯಸ್ಕಾಂತ ಹಿಡಿದು ನಿನ್ನಮ್ಮನ ಕಪಾಟಿನ ಮುಂದೆ ಕೂತೆ. ಅಂಟಿದ್ದು ಈಚೆಗೆ, ಅಂಟದ್ದು ಗೋಣಿಚೀಲಕ್ಕೆ. ಹಿತ್ತಾಳೆ ಹೋಯಿತು, ಅಲ್ಯೂಮಿನಿಯಂ ಹೋಯಿತು. ಕಬ್ಬಿಣದ ಬಾಣಲೆಗೆ ಅಯಸ್ಕಾಂತ ಗಟ್ಟಿಯಾಗಿ ಅಂಟಿತು, ಆದರೂ ಚೀಲಕ್ಕೆ ಹಾಕಿದೆ.

“ಅದೊಂದು ಇರ್ಲಿ ಬಿಡ್ರೀ” ಅಂದಳು.

“ತಳ ಗುಂಡಗಿದೆ ಕಣೇ. ಗಾಜಿನ ಮೇಲೆ ಬುಗುರಿ ಥರ ತಿರುಗುತ್ತೆ.”

“ಉರೀತಾ ಇದೆ ಅಂತ ಹೆಂಗೆ ಗೊತ್ತಾಗೋದು ಇದರಲ್ಲಿ?”

“ಕೆಂಪು ಅಂಕಿ ಬರುತ್ತಲ್ಲ? ಕಣ್ಣು ಬಿಟ್ಟು ನೋಡು” ಅಂದೆ.

ನಾನು ಎರಡು ಚೀಲ ಪಾತ್ರೆಯನ್ನು ಅಂಗಡಿಗೆ ಕೊಟ್ಟು, ಬದಲಿಗೆ ಚಪ್ಪಟೆ ತಳದ ಹೊಸ ಸೆಟ್ ತಂದೆ. ನೋಡಲು ಬಲು ಚೆಂದ.

ಅಂದಿನಿಂದ ಅಡುಗೆ ಕೆಡುತ್ತಾ ಬಂತು. ಒಂದು ದಿನ ಹಾಲು ಉಕ್ಕಿ ನೆಲದವರೆಗೆ ಹರಿಯಿತು, ಇನ್ನೊಂದು ದಿನ ಕಾಳು ಕಲ್ಲಿನಂತೆ ಉಳಿಯಿತು. “ಮನಸ್ಸಿಟ್ಟು ಮಾಡೇ” ಎಂದು ನಾನು, “ಹೂಂ” ಎಂದು ಅವಳು. ಅದರಲ್ಲೂ ಸೋಮವಾರದ ಊಟವನ್ನು ಬಾಯಿಗೆ ಇಡುವಂತಿರಲಿಲ್ಲ. “ಸೋಮವಾರ ಬಂದ್ರೆ ನಿಂಗೇನಾಗುತ್ತೆ? ಸ್ಕೂಲಿಗೆ ಹೋಗೋ ಮಕ್ಕಳ ಥರ ಹೊಟ್ಟೆನೋವಾ?” ಎಂದು ತಮಾಷೆ ಬೇರೆ ಮಾಡಿದ್ದೆ.

ಭಾನುವಾರ ಗಾಜು ಒರೆಸುವುದು ನನ್ನ ಕೆಲಸ. ಅಂಗಡಿಯಲ್ಲಿ ಗಿರಾಕಿಗಳಿಗೆ ಕಲಿಸುತ್ತಿದ್ದ ಹಾಗೆಯೇ: ಮೊದಲು ಒದ್ದೆ ಬಟ್ಟೆ, ಆಮೇಲೆ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯುವುದು, ಕೊನೆಗೆ ಒಣ ಬಟ್ಟೆ. ವಾರಾ ವಾರಾ ಆ ಗಾಜಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಗೋಂದಿನ ಹನಿಗಳು ಒಣಗಿ ಕೂತಿರುತ್ತಿದ್ದವು. ನಾಲ್ಕೋ ಐದೋ. “ಏನೇ ಇದು, ಒಲೆ ಮೇಲೆ ಗೋಂದು ಚೆಲ್ಕೊಂಡು ಕೂರ್ತೀಯಲ್ಲ” ಎಂದರೆ, “ಏನೋ ಅಂಟಿಸೋವಾಗ ಬಿತ್ತೇನೋ” ಅನ್ನುತ್ತಿದ್ದಳು. ನಾನು ಕೆರೆದು, ಒರೆಸಿ, ಗಾಜಿನಲ್ಲಿ ನನ್ನ ಮುಖ ನೋಡಿಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ, ಮದುವೆಯಾದ ಮೇಲೆ ಮೊದಲ ಸಲ ನೀನೂ ಅಳಿಯಂದಿರೂ ಬಂದದ್ದು ಒಂದು ಭಾನುವಾರ. ಹೋಟೆಲಿನಿಂದ ತಂದ ಊಟದ ಡಬ್ಬಿಗಳು ಮೇಜಿನ ಮೇಲೆ ಸಾಲಾಗಿದ್ದವು. ನೀನು ನಗುನಗುತ್ತಲೇ, “ಅಮ್ಮಾ, ನಂಗೋಸ್ಕರ ಒಂದು ಹೊತ್ತು ಒಲೆ ಹಚ್ಚೋಕೂ ಬೇಜಾರಾ ನಿಂಗೆ?” ಅಂದೆ. ಅವಳು ಡಬ್ಬಿಗಳ ಮುಚ್ಚಳವನ್ನು ಒಂದೊಂದಾಗಿ ತೆಗೆಯುತ್ತಾ ಹೋದಳು. ನೀನು ನನ್ನ ಕಡೆ ನೋಡಿದೆ. ನಾನು, “ಈಚೆಗೆ ಅವಳಿಗೆ ಅಡುಗೆ ಮೇಲೆ ಮನಸ್ಸೇ ಇಲ್ಲಮ್ಮ” ಅಂದೆ. ಅಳಿಯಂದಿರು ಪಾಪ, ಊಟ ಬಹಳ ಚೆನ್ನಾಗಿದೆ ಎಂದು ಎರಡು ಸಲ ಹೇಳಿದರು. ನೀನು ಅರ್ಧ ತಿಂದು ಕೈ ತೊಳೆದೆ. ಅಲ್ಲಿಂದೀಚೆಗೆ ಫೋನಿನಲ್ಲಿ ‘ಚೆನ್ನಾಗಿದೀರಾ’, ‘ಚೆನ್ನಾಗಿದೀವಿ’. ಅಷ್ಟೇ ನಮ್ಮ ಮನೆಯ ಮಾತು.

ಈಗ ಟಕಟಕನ ಕಥೆಗೆ ಬರುತ್ತೇನೆ. ಯಾವ ಯಂತ್ರವನ್ನೂ ಬಿಚ್ಚುವ ಮುಂಚೆ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ, ಕಿವಿಗೊಟ್ಟು ಕೇಳುವವನಾದ್ದರಿಂದ ಅಂಗಡಿಯವರು ಅವನಿಗಿಟ್ಟ ಹೆಸರು ಅದು. ಸೋಮವಾರ ನಮ್ಮ ಒಲೆ ಕುಯ್ ಎಂದು ಕೂಗಿ ನಿಂತುಹೋಯಿತು. ಬಂದು, ಕುಟ್ಟಿ, ಬಿಚ್ಚಿ, ಒಳಗಿನ ಫ್ಯಾನಿನ ಧೂಳು ಊದಿ ಸರಿಮಾಡಿದ. ಗಾಜನ್ನು ಮತ್ತೆ ಕೂರಿಸುವಾಗ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ತುಂಬಾ ಹೊತ್ತು ನೋಡಿ, “ಯಜಮಾನ್ರೇ, ಈ ಮನೇಲಿ ಕಣ್ಣು ಕಾಣ್ದೋರು ಯಾರಿದಾರೆ?” ಅಂದ.

“ಯಾರೂ ಇಲ್ವಲ್ಲಯ್ಯ!” ಎಂದು ನಾನು ನಕ್ಕೆ.

ಅವನು ನಗಲಿಲ್ಲ. ಆಗ ಹೇಳಿದ. ಊರಿನ ಆ ತುದಿಯಲ್ಲಿ ಒಬ್ಬ ಹೊಲಿಗೆಯಾಕೆ ಇದ್ದಾರಂತೆ. ಹೊಲಿದು ಹೊಲಿದು ಕಣ್ಣು ಹೋಯಿತೋ, ತಾನಾಗಿಯೇ ಹೋಯಿತೋ, ಅಂತೂ ಈಗ ಏನೂ ಕಾಣದು. ಅವರ ಮನೆಯಲ್ಲೂ ಇಂಥದೇ ಒಲೆ. ಸ್ವಿಚ್ಚಿನ ಪಕ್ಕ ಒಂದು ಗೋಂದಿನ ಹನಿ, ಕಾವು ಹೆಚ್ಚಿಸುವ ಕಡೆ ಎರಡು, ತಗ್ಗಿಸುವ ಕಡೆ ಒಂದು. ಬೆರಳಲ್ಲಿ ತಡವಿ ಸರಸರ ಅಡುಗೆ ಮಾಡುತ್ತಾರೆ, ಇವನಿಗೂ ಒಂದು ತಟ್ಟೆ ಬಡಿಸಿದ್ದರಂತೆ. “ಇಲ್ಲೂ ಅದೇ ಜಾಗದಲ್ಲಿ, ಅದೇ ಲೆಕ್ಕದಲ್ಲಿ ಹನಿ ಕೂತಿದ್ದ ಗುರುತು ಐತೆ ನೋಡಿ. ಆದ್ರೆ ಆಯಮ್ಮನ ಮನೇಲಿ ಯಾರೂ ಕೆರೆಯಲ್ಲ. ಇಲ್ಲಿ ಯಾರೋ ಕೆರ್ದೂ ಕೆರ್ದೂ ಗಾಜೆಲ್ಲ ಗೀರು ಮಾಡವ್ರೆ” ಅಂದ.

ನಿನ್ನಮ್ಮ ಮೇಜಿನ ಹತ್ತಿರ ಕೂತು ಕಾಳು ಆರಿಸುತ್ತಿದ್ದಳು. ಗೋಡೆಯ ಕಡೆ ಮುಖ ಮಾಡಿಕೊಂಡು, ಬರೀ ಬೆರಳಿನಿಂದ. ಎಷ್ಟು ದಿನದಿಂದ ಹಾಗೆ ಆರಿಸುತ್ತಿದ್ದಳೋ, ನಾನು ಅಂದೇ ಮೊದಲು ನೋಡಿದ್ದು.

“ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ.

“ನಮ್ಮಮ್ಮಂಗೆ ಕಣ್ಣು ಹೋದಾಗ ನಾವೆಲ್ಲಾ ಏನ್ ಮಾಡಿದ್ವಿ? ಬಾಗಿಲ ಹತ್ರ ಕುರ್ಚಿ ಹಾಕಿ ಕೂರಿಸಿದ್ವಿ. ಹನ್ನೊಂದು ವರ್ಷ. ಒಂದು ಲೋಟ ನೀರಿಗೂ ಕೂಗ್ಬೇಕು. ಆ ಕುರ್ಚಿ ನಂಗೆ ಬೇಡವಾಗಿತ್ತು.” ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟು ಅವಳೇ ಹೇಳಿದಳು: “ಹಳೇ ಒಲೇಲಿ ತಿರುಪು ಕೈಗೆ ಸಿಗ್ತಿತ್ತು, ಬೆಂಕಿ ಸದ್ದು ಮಾಡ್ತಿತ್ತು, ಹೆಂಗೋ ನಡೀತಿತ್ತು. ಇದು ಮೂಗಿ. ನಾನು ಗುರುತು ಇಡ್ತಿದ್ದೆ, ನೀವು ಕೆರೀತಿದ್ರಿ. ಮತ್ತೆ ಇಡ್ತಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು ಪುಟ್ಟಕ್ಕ. ಅವಳು ಬೈಯಲಿಲ್ಲ. ಟಕಟಕ ತನ್ನ ಚೀಲ ಕಟ್ಟಿಕೊಂಡು, ಚಪ್ಪಲಿ ಸದ್ದು ಕೂಡ ಮಾಡದೆ ಹೊರಟುಹೋದ.

ಅಂದು ಮಧ್ಯಾಹ್ನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಎಡಗಣ್ಣಿನಲ್ಲಿ ಬೆಳಕು ಕತ್ತಲೆ ಬಿಟ್ಟರೆ ಏನೂ ಉಳಿದಿಲ್ಲ. ಬಲಗಣ್ಣು ಬಾಗಿಲ ಸಂದಿಯಿಂದ ನೋಡಿದ ಹಾಗೆ. ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಔಷಧಿಯಿಂದ ಹಿಡಿದಿಡಬಹುದು ಎಂದರು. “ಎರಡು ಮೂರು ವರ್ಷ ಮುಂಚೆ ಬಂದಿದ್ರೆ...” ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ತೋಳಿಗೆ ಬೆಂಕಿ ತಾಗಿದ ದಿನ ನಾನು ಒಲೆ ಅಂಗಡಿಗೆ ಹೋಗುವ ಬದಲು ಇಲ್ಲಿಗೆ ಬರಬೇಕಿತ್ತು. ಆ ಬೆಂಕಿ ಅವಳಿಗೆ ಕಂಡಿರಲಿಲ್ಲ. ನನಗೆ ಅಷ್ಟು ಹೊಳೆಯಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಕೊಡದೆ ಹೋದರೆ ಅಂಗಡಿಯ ಅನ್ನ ತಿಂದವನಿಗೆ ಮರ್ಯಾದೆಯಲ್ಲ. ದಪ್ಪ ತಳದ ಸ್ಟೀಲಿನ ಪಾತ್ರೆ ಮೂರು ಸಾಕು. ನಾನ್‌ಸ್ಟಿಕ್ ಒಂದೇ ಇರಲಿ, ಮೊಟ್ಟೆಗೆ. ಎರಕದ ಕಬ್ಬಿಣದ ಬಾಣಲೆ ಕೊಳ್ಳುವುದಾದರೆ ಒಂದು ಕೈಯಲ್ಲಿ ಎತ್ತಿ ನೋಡು, ಮಣಿಕಟ್ಟು ನಡುಗಿದರೆ ಅಲ್ಲೇ ಇಟ್ಟು ಬಾ. ಇನ್ನು ಗ್ಯಾಸೋ ಇಂಡಕ್ಷನ್ನೋ ಎಂಬುದನ್ನು ನಾನು ಹೇಳಲಾರೆ, ಹೇಳುವ ಯೋಗ್ಯತೆ ಕಳೆದುಕೊಂಡಿದ್ದೇನೆ. ಅದನ್ನು ನಿನ್ನಮ್ಮನನ್ನು ಕೇಳು. ಆ ಮನೆಗೆ ಅವಳು ಬಂದು ಒಂದು ತಿಂಗಳಾದರೂ ಇರುವಂತಾಗಲಿ, ಬಂದಾಗ ಆ ಒಲೆ ಅವಳ ಕೈಗೂ ಸಿಗಲಿ ಎನ್ನುವುದಷ್ಟೇ ನನ್ನ ಆಸೆ.

ಕಥೆ ಕೇಳಿದವರು ಮಾರನೆಯ ಬೆಳಗ್ಗೆ ಏನು ಮಾಡಿದರು ಎಂದರೆ, ಇಬ್ಬರೂ ಪಾತ್ರೆ ಅಂಗಡಿಗೆ ಹೋದರು. ನನ್ನ ಜಾಗದಲ್ಲಿ ಈಗಿರುವ ಕೌಂಟರಿನಾಕೆ ಓಡಿಬಂದು, “ಮೇಡಂ, ಇದು ಹೊಸ ಮಾಡೆಲ್, ಪೂರ್ತಿ ಗಾಜು” ಎಂದು ಶುರುಮಾಡಿದಳು. “ಗಾಜು ಸಾಕಾಗಿದೆ ತಾಯಿ, ತಿರುಪು ತೋರ್ಸು” ಅಂದಳು ನಿನ್ನಮ್ಮ. ನಾನು ಬಾಯಿ ತೆರೆಯಲು ಹೋದೆ, “ನೀವು ಅಲ್ಲಿ ಸ್ಟೂಲ್ ಮೇಲೆ ಕೂತ್ಕೊಳ್ರಿ” ಅಂದಳು. ಕೂತೆ. ಅವಳು ಕಣ್ಣು ಮುಚ್ಚಿಕೊಂಡು, ಸಾಲಾಗಿ ಇಟ್ಟಿದ್ದ ಒಲೆಗಳ ತಿರುಪುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. “ಇದು ಜಾರುತ್ತೆ.” “ಇದಕ್ಕೆ ನಿಲ್ಲೋ ಜಾಗಾನೇ ಇಲ್ಲ.” ಏಳನೆಯದರ ಮುಂದೆ ನಿಂತಳು. ಮೂರು ಕಡೆ ಟಕ್ ಎಂದು ನಿಲ್ಲುವ ತಿರುಪು. ಬೆಂಕಿ ಆರಿದರೆ ಗ್ಯಾಸ್ ತಾನಾಗಿ ನಿಲ್ಲುವ ಏರ್ಪಾಡೂ ಇದೆ ಎಂದು ಕೌಂಟರಿನಾಕೆ ಹೇಳಿದಳು. ನಿನ್ನಮ್ಮ ಅದನ್ನು ಹಚ್ಚಿಸಿ, ಕಿವಿಯನ್ನು ಒಂದು ಪಕ್ಕಕ್ಕೆ ವಾಲಿಸಿ, ದೊಡ್ಡ ಉರಿಯಿಂದ ಸಣ್ಣ ಉರಿಗೆ, ಸಣ್ಣ ಉರಿಯಿಂದ ದೊಡ್ಡದಕ್ಕೆ ಬಹಳ ಹೊತ್ತು ತಿರುಗಿಸುತ್ತಾ ನಿಂತಿದ್ದಳು. ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ.

ಇತಿ ನಿನ್ನ ಪ್ರೀತಿಯ
ಅಪ್ಪ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ನಿನ್ನಮ್ಮನಿಗೆ ಕೇಳಿಸಬಾರದೆಂದು ಕಾಗದ ಹಿಡಿದವನು, ಕೊನೆಗೆ ಮನಸ್ಸು ತಡೆಯದೆ ಮೇಲಿನದನ್ನೆಲ್ಲ ಅವಳಿಗೇ ಓದಿ ಹೇಳಿದೆ, ಇದನ್ನು ಓದಿಲ್ಲ. ಸಂಜೆ ಹೇಳಿ, ಆಮೇಲೆ ಕಾಗದ ಅಂಚೆಗೆ ಹಾಕುತ್ತೇನೆ. ಇದು ನಿನ್ನ ಕೈ ಸೇರಿದೆ ಎಂದರೆ ಅವಳಿಗೆ ಹೇಳಿಯಾಗಿದೆ ಎಂದೇ ತಿಳಿ. ನೀವು ಬಂದ ಆ ಭಾನುವಾರ, ಅಳಿಯಂದಿರು ನೋಡುತ್ತಾರೆಂದು ನಾನು ಬೆಳಗ್ಗೆ ಎದ್ದವನೇ ಗಾಜು ಕೆರೆದಿದ್ದೆ. ಗುರುತೆಲ್ಲ ಹೋದ ಆ ಗಾಜಿನ ಮೇಲೆಯೇ ಅವಳು ನಿನಗಾಗಿ ನಾಲ್ಕು ಬಗೆ ಅಡುಗೆ ಮಾಡಿದಳು. ಅವಳು ಸ್ನಾನಕ್ಕೆ ಹೋದಾಗ ನಾನು ಅದನ್ನೆಲ್ಲ ಸುರಿದು, ಹೋಟೆಲಿನಿಂದ ಡಬ್ಬಿಗಳನ್ನು ತಂದೆ. ನಿನ್ನ ಹತ್ತಿರ, ಅವಳಿಗೆ ಅಡುಗೆ ಮೇಲೆ ಮನಸ್ಸಿಲ್ಲ ಎಂದೆ. ಅವಳಿಗೆ, ‘ಪುಟ್ಟಕ್ಕ ಫೋನ್ ಮಾಡಿದ್ಲು, ಹೊರಗಿನ ಊಟವೇ ಸಾಕಂತೆ’ ಎಂದೆ. ನೀನು ಊಟದ ಮುಂದೆ ಹಾಗೆ ಕೇಳಿದಾಗಲೇ ನನ್ನ ಸುಳ್ಳು ಅವಳಿಗೆ ತಿಳಿದಿರಬೇಕು, ಆದರೂ ನನ್ನನ್ನು ಬಿಟ್ಟುಕೊಡಲಿಲ್ಲ. ಪಾತ್ರೆ ಅಂಗಡಿಯವನ ಮನೆಯಲ್ಲಿ ಅಡುಗೆ ಸೀದಿದೆ ಎನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಸೀದದ್ದು ತಳ ಮಾತ್ರ. ಮೇಲಿನದನ್ನು ಸುರಿಯುವ ಮುಂಚೆ ರುಚಿ ನೋಡಿದ್ದೆ. ಚೆನ್ನಾಗಿತ್ತು.